ಅರವತ್ತೆಂಟರ ಗಂಟಲು, ಅದೇ ಬುಡೋಕಾನ್

ಪ್ರಶ್ನೆ: ಸರ್, ಅಪ್ಪನ ಕ್ಯಾಸೆಟ್ಟುಗಳಲ್ಲಿ ಬ್ರಿಟಿಷ್ ರಾಕ್ ಬ್ಯಾಂಡ್ ಡೀಪ್ ಪರ್ಪಲ್‌ನ ‘ಮೇಡ್ ಇನ್ ಜಪಾನ್’ ಲೈವ್ ಆಲ್ಬಂ ಕೇಳಿ ಬೆಳೆದವನು ನಾನು. ಅದೇ ಬ್ಯಾಂಡ್ 2014ರಲ್ಲಿ ಟೋಕಿಯೋದಲ್ಲಿ ಕೊಟ್ಟ ಕಾರ್ಯಕ್ರಮದ ರೆಕಾರ್ಡಿಂಗ್ ‘ಟು ದ ರೈಸಿಂಗ್ ಸನ್’ ಈಚೆಗೆ ಕೇಳಿದೆ. ಹಾಡುಗಾರ ಇಯಾನ್ ಗಿಲನ್ ದನಿ ಕೇಳಿ ಬೇಜಾರಾಯಿತು. ‘ಮುದುಕರು ಮನೇಲಿ ಇರಬಾರದಿತ್ತಾ’ ಅಂತಾನೆ ನನ್ನ ಗೆಳೆಯ. ಇಂಥ ರೆಕಾರ್ಡಿಂಗನ್ನು ಹೇಗೆ ತೂಗಿ ನೋಡಬೇಕು? — ಓದುಗರು, ದಾವಣಗೆರೆ

ಗೆಳೆಯನಿಗೆ ಹೇಳಿ, ಅವರು ಮನೆಯಲ್ಲೇ ಇದ್ದುಬಿಟ್ಟಿದ್ದರೆ ಅರವತ್ತೈದರ ಇಯಾನ್ ಪೇಸ್ ಡ್ರಮ್ಸ್ ಹೀಗೆ ಬಾರಿಸುತ್ತಾರೆ ಅಂತ ನಮಗೆ ಗೊತ್ತೇ ಆಗುತ್ತಿರಲಿಲ್ಲ. ಆದರೆ ನಿಮ್ಮ ಬೇಜಾರೂ ಸುಳ್ಳಲ್ಲ. ಗಿಲನ್ ದನಿ ಇಳಿದಿದೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ಈ ಅಂಕಣಕ್ಕೆ ಅರ್ಥವಿಲ್ಲ.

ಮೊದಲು ನೀವು ಯಾವುದರ ಜೊತೆ ಯಾವುದನ್ನು ಹೋಲಿಸುತ್ತಿದ್ದೀರಿ ನೋಡಿ. ‘ಮೇಡ್ ಇನ್ ಜಪಾನ್’ ರೆಕಾರ್ಡ್ ಆಗಿದ್ದು 1972ರ ಆಗಸ್ಟ್ 15 ಮತ್ತು 16ರಂದು ಒಸಾಕಾದಲ್ಲಿ, 17ರಂದು ಟೋಕಿಯೋದ ದೊಡ್ಡ ಹಾಲ್ ಬುಡೋಕಾನ್‌ನಲ್ಲಿ. ಆಗ ಗಿಲನ್‌ಗೆ ಇಪ್ಪತ್ತಾರು, ಇಪ್ಪತ್ತೇಳು ತುಂಬುವುದಕ್ಕೆ ಎರಡೇ ದಿನ ಬಾಕಿ. ನೀವು ಕೇಳಿದ ಹೊಸ ರೆಕಾರ್ಡಿಂಗ್ 2014ರ ಏಪ್ರಿಲ್ 12ರದು, ಅದೇ ಬುಡೋಕಾನ್, ಗಿಲನ್‌ಗೆ ಅರವತ್ತೆಂಟು. ನಡುವೆ ನಲವತ್ತೊಂದು ವರ್ಷ ಮೀರಿ ಹೋಗಿದೆ. ರಿಚಿ ಬ್ಲ್ಯಾಕ್‌ಮೋರ್ 1993ರಲ್ಲೇ ಬ್ಯಾಂಡ್ ಬಿಟ್ಟರು, ಗಿಟಾರ್ ಸ್ಟೀವ್ ಮೋರ್ಸ್ ಕೈಗೆ ಬಂತು. ಜಾನ್ ಲಾರ್ಡ್ 2002ರಲ್ಲಿ ನಿವೃತ್ತರಾದರು, ಆರ್ಗನ್ ಮುಂದೆ ಡಾನ್ ಏರೀ ಕೂತರು. 2012ರ ಜುಲೈನಲ್ಲಿ ಲಾರ್ಡ್ ತೀರಿಯೂ ಹೋದರು. ಅಂದರೆ 1972ರ ಐವರಲ್ಲಿ ಉಳಿದವರು ಗಿಲನ್, ಬೇಸ್ ಗಿಟಾರಿನ ರೋಜರ್ ಗ್ಲೋವರ್, ಮತ್ತೆ ಬ್ಯಾಂಡ್ ಶುರುವಾದಾಗಿನಿಂದ ಒಮ್ಮೆಯೂ ಬ್ಯಾಂಡ್ ಬಿಡದ ಪೇಸ್.

ಹಳೇ ರೆಕಾರ್ಡಿಂಗ್ ಮೇಲೆ ನಮಗೆಲ್ಲ ಪ್ರೀತಿ ಇದ್ದೇ ಇದೆ, ಅದಕ್ಕೆ ಕಾರಣವೂ ಇದೆ. ಜಪಾನಿನಲ್ಲಿ ಮಾತ್ರ ಬಿಡುಗಡೆಯಾಗಲಿ ಅಂತ ಮಾಡಿದ್ದು ಅದು. ಸೌಂಡ್ ಎಂಜಿನಿಯರ್ ಮಾರ್ಟಿನ್ ಬರ್ಚ್ ಎಂಟು ಟ್ರ್ಯಾಕಿನ ಯಂತ್ರದಲ್ಲಿ ಹಿಡಿದರು. ಮಿಕ್ಸಿಂಗ್‌ಗೆ ಬ್ಯಾಂಡಿನಿಂದ ಬಂದು ಕೂತವರು ಗ್ಲೋವರ್, ಪೇಸ್ ಇಬ್ಬರೇ. ಉಳಿದವರಿಗೆ ಅದರ ಮೇಲೆ ಅಷ್ಟೇನೂ ಆಸಕ್ತಿ ಇರಲಿಲ್ಲ! ಗಿಟಾರ್ ಒಂದು ಕಿವಿಗೆ, ಆರ್ಗನ್ ಇನ್ನೊಂದು ಕಿವಿಗೆ, ನಡುವೆ ಡ್ರಮ್ಸ್ ಮತ್ತು ಬೇಸ್, ಅಷ್ಟೇ. ಆಮೇಲೆ ಸ್ಟುಡಿಯೋದಲ್ಲಿ ತೇಪೆ ಹಾಕಿಲ್ಲ. ಇದ್ದದ್ದು ಇದ್ದ ಹಾಗೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆ ಆಲ್ಬಂನ ಏಳು ಹಾಡುಗಳಲ್ಲಿ ಬುಡೋಕಾನ್ ರಾತ್ರಿಯಿಂದ ಆರಿಸಿದ್ದು ಎರಡೇ, ‘ದ ಮ್ಯೂಲ್’ ಮತ್ತು ‘ಲೇಜಿ’. ಮಿಕ್ಕವೆಲ್ಲ ಒಸಾಕಾದವು. ಈ ಎರಡೂ 2014ರ ರೆಕಾರ್ಡಿಂಗ್‌ನಲ್ಲೂ ಇವೆ. ಅದೇ ಹಾಡು, ಅದೇ ಹಾಲ್! ಇದಕ್ಕಿಂತ ಒಳ್ಳೆ ಪರೀಕ್ಷೆ ಎಲ್ಲಿ ಸಿಗುತ್ತದೆ? ‘ಲೇಜಿ’ಯನ್ನು ಎರಡೂ ಕಡೆ ಒಂದರ ಹಿಂದೆ ಒಂದು ಹಾಕಿ, ದನಿಯನ್ನು ಸ್ವಲ್ಪ ಹೊತ್ತು ಮರೆತು ಪೇಸ್ ಕೈಯನ್ನಷ್ಟೇ ಕೇಳಿ. ಹಾರ್ಡ್ ರಾಕ್ ಡ್ರಮ್ಮರುಗಳಲ್ಲಿ ಹೆಚ್ಚಿನವರು ಏಟಿಗೆ ಏಟು ಭಾರವಾಗಿ ಹಾಕುತ್ತಾರೆ, ಈ ಎಡಗೈ ಮನುಷ್ಯ ಮಾತ್ರ ಜಾಝ್‌ನವರ ಹಾಗೆ ತಾಳವನ್ನು ತೂಗಾಡಿಸುತ್ತಾರೆ. 1972ರಲ್ಲಿ ಆ ತೂಗಾಟಕ್ಕೆ ವೇಗ ಜಾಸ್ತಿ ಇತ್ತು. 2014ರಲ್ಲಿ ವೇಗ ಕೊಂಚ ಕಡಿಮೆ, ಆದರೆ ಎರಡು ಏಟಿನ ನಡುವಿನ ಜಾಗ ಇನ್ನೂ ಚೆನ್ನಾಗಿ ಕೇಳುತ್ತದೆ. ನನ್ನನ್ನು ಕೇಳಿದರೆ ಇದು ಪೇಸ್ ಅವರ ರೆಕಾರ್ಡಿಂಗ್. ಕವರಿನ ಮೇಲೆ ಯಾರ ಹೆಸರಾದರೂ ಇರಲಿ.

ಇನ್ನು ಗಿಲನ್. ಅವರ ವಿಷಯದಲ್ಲಿ ನನ್ನ ತಕರಾರು ಗಂಟಲಿನ ಮೇಲಲ್ಲ, ಹಾಡುಗಳ ಆಯ್ಕೆ ಮೇಲೆ. ಕಾರ್ಯಕ್ರಮ ಶುರುವಾದ ಕೂಡಲೇ ‘ಇನ್‌ಟು ದ ಫೈರ್’, ಅದರ ಬೆನ್ನಿಗೇ ‘ಹಾರ್ಡ್ ಲವಿನ್ ಮ್ಯಾನ್’. ಎರಡೂ 1970ರ ಹಾಡುಗಳು, ಎರಡೂ ಕಿರುಚಿ ಹಾಡಲೆಂದೇ ಕಟ್ಟಿದವು. ಗಂಟಲು ಬಿಸಿಯಾಗುವ ಮೊದಲೇ ಅಷ್ಟು ಎತ್ತರಕ್ಕೆ ಹೋಗಿ ನಿಲ್ಲಬೇಕು ಅಂದರೆ ಯಾರಿಗಾದರೂ ಕಷ್ಟ. ನಿಮಗೆ ಬೇಜಾರಾಗಿದ್ದು ಇಲ್ಲೇ ಇರಬೇಕು, ಅಲ್ವಾ? ಮುಂದೆ ಹೋಗಿ. ‘ಅನ್‌ಕಾಮನ್ ಮ್ಯಾನ್’ ಬರುತ್ತದೆ. 2013ರ ಆಲ್ಬಂನದು, ಜಾನ್ ಲಾರ್ಡ್ ನೆನಪಿಗೆ ಮಾಡಿದ್ದು. ಅದು ಈಗಿನ ಗಿಲನ್‌ಗಾಗಿ ಕಟ್ಟಿದ ಹಾಡು. ಸ್ವರ ನಡುಮಟ್ಟದಲ್ಲೇ ಓಡಾಡುತ್ತದೆ, ಮಾತು ಸ್ಪಷ್ಟವಾಗಿದೆ, ಎಲ್ಲೂ ಏದುಸಿರಿಲ್ಲ. ಅದೇ ಮನುಷ್ಯ, ಅದೇ ರಾತ್ರಿ. ಹಾಡು ಬದಲಾದ ಕೂಡಲೇ ದನಿಗೆ ಬಲ ಬಂತು.

ನಮ್ಮಲ್ಲಿ ಹಿರಿಯ ಗಾಯಕರು ಶ್ರುತಿ ಇಳಿಸಿಕೊಂಡು ಹಾಡಿದರೆ ಯಾರೂ ಮುಖ ಸಿಂಡರಿಸುವುದಿಲ್ಲ, ರಾಗ ಎಷ್ಟು ಬಿಚ್ಚಿಕೊಳ್ಳುತ್ತದೆ ಅಂತ ಕಾದು ಕೇಳುತ್ತೇವೆ. ರಾಕ್ ಹಾಡುಗಾರನಿಗೆ ಮಾತ್ರ ಇಪ್ಪತ್ತಾರರಲ್ಲೇ ನಿಂತಿರು ಅನ್ನುತ್ತೇವೆ. ಇದು ಸ್ವಲ್ಪ ಅನ್ಯಾಯವೇ. ಹಾಗಂತ ರಿಯಾಯಿತಿ ಕೊಟ್ಟು ಕೇಳಬೇಕು ಅಂತಲೂ ನಾನು ಹೇಳುತ್ತಿಲ್ಲ. ವಯಸ್ಸಾದ ಬ್ಯಾಂಡು ಏನನ್ನು ಬಿಟ್ಟಿದೆ, ಬಿಟ್ಟ ಜಾಗದಲ್ಲಿ ಏನನ್ನು ತಂದಿಟ್ಟಿದೆ, ಇದನ್ನು ನೋಡಿ. ‘ಮೇಡ್ ಇನ್ ಜಪಾನ್’ ಆಲ್ಬಂನಲ್ಲಿ ಗಿಲನ್ ಕಿರುಚಿ ಹಾಡಿದ್ದ ‘ಚೈಲ್ಡ್ ಇನ್ ಟೈಮ್’ ಇಲ್ಲಿ ಇಲ್ಲ. ಆ ಕಿರುಚಾಟ ಇನ್ನು ಆಗದು ಅಂತ ಬಹಳ ಹಿಂದೆಯೇ ಕೈಬಿಟ್ಟರು, ಮರ್ಯಾದಸ್ಥರ ಕೆಲಸ. ಹಿಂದೆ ಇಪ್ಪತ್ತು ನಿಮಿಷ ಎಳೆದು ಎಲ್ಪಿಯ ಒಂದಿಡೀ ಬದಿ ತುಂಬಿಸಿದ ‘ಸ್ಪೇಸ್ ಟ್ರಕಿನ್’ ಈಗ ಚಿಕ್ಕದಾಗಿ ಬಂದು ಹೋಗುತ್ತದೆ. ಆ ಜಾಗ ಹೊಸ ಹಾಡುಗಳಿಗೆ ಸಿಕ್ಕಿದೆ. ಮೋರ್ಸ್ ಅಂತೂ ಬ್ಲ್ಯಾಕ್‌ಮೋರ್ ಆಗಲು ಹೋಗುವುದೇ ಇಲ್ಲ, ತಮ್ಮದೇ ಅಚ್ಚುಕಟ್ಟಾದ, ಕೆಲವೊಮ್ಮೆ ಅತಿ ಅಚ್ಚುಕಟ್ಟಾದ ಗಿಟಾರ್ ನುಡಿಸುತ್ತಾರೆ. ಬ್ಲ್ಯಾಕ್‌ಮೋರ್ ನುಡಿಸುವಾಗ ಈಗ ಏನಾಗುತ್ತೋ ಅನ್ನುವ ಭಯ ಇರುತ್ತಿತ್ತು. ಅದು ಇಲ್ಲಿ ಇಲ್ಲ, ನನಗೆ ಅದರ ಕೊರತೆ ಕಾಣುತ್ತದೆ. ಏರೀ ಅವರ ಕೀಬೋರ್ಡ್ ಸೋಲೋ ಹಾಲಿನಲ್ಲಿ ಕೂತವರಿಗೆ ಚೆಂದ, ಮನೆಯಲ್ಲಿ ಕೇಳಲು ಉದ್ದ.

2001ರಲ್ಲಿ ಡೀಪ್ ಪರ್ಪಲ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದಾಗ ಲಾರ್ಡ್ ಇನ್ನೂ ಜೊತೆಯಲ್ಲಿದ್ದರು. ಅವತ್ತು ಅಲ್ಲಿದ್ದವರು ಈಗಲೂ ಆರ್ಗನ್ ಬಗ್ಗೆಯೇ ಜಾಸ್ತಿ ಮಾತಾಡುತ್ತಾರೆ. ಅಂಥವರಿಗೆ ಏರೀ ಹಿಡಿಸುವುದು ಕಷ್ಟ. ನಿಮ್ಮ ಅಪ್ಪ ಅವತ್ತು ಹೋಗಿದ್ದರಾ, ಕೇಳಿ ನೋಡಿ.

ಒಟ್ಟಿನಲ್ಲಿ ಇದು ಕೊಳ್ಳಬಹುದಾದ ರೆಕಾರ್ಡಿಂಗ್. ಮೊದಲ ಮೂರು ಹಾಡು ದಾಟಿಸಿ ಕೇಳಿ.

ಪ್ರಶ್ನೆ: ಲೈವ್ ಅಂತ ಬರೆದಿದ್ದೆಲ್ಲ ನಿಜಕ್ಕೂ ಲೈವಾ? — ಓದುಗರು, ಶಿವಮೊಗ್ಗ

ಅಲ್ಲ. ಕಿಸ್ ಬ್ಯಾಂಡಿನ 1975ರ ‘ಅಲೈವ್!’ ಸ್ಟುಡಿಯೋದಲ್ಲಿ ಚೆನ್ನಾಗಿಯೇ ರಿಪೇರಿ ಆಗಿದೆ. ಜೂಡಸ್ ಪ್ರೀಸ್ಟ್ ಬ್ಯಾಂಡ್ 1979ರಲ್ಲಿ ಟೋಕಿಯೋದಲ್ಲಿ ಹಿಡಿದ ಆಲ್ಬಂನಲ್ಲಿ ದನಿಯನ್ನು ಆಮೇಲೆ ಮತ್ತೆ ಹಾಡಿ ಸೇರಿಸಿದ್ದಾಗಿ ಹಾಡುಗಾರ ರಾಬ್ ಹ್ಯಾಲ್‌ಫೋರ್ಡ್ ಅವರೇ ಒಪ್ಪಿಕೊಂಡಿದ್ದಾರೆ. ಥಿನ್ ಲಿಜ್ಜಿಯ 1978ರ ಲೈವ್ ಆಲ್ಬಂ ಬಗ್ಗೆ ಜಗಳ ಇನ್ನೂ ಮುಗಿದಿಲ್ಲ. ಮುಕ್ಕಾಲು ಭಾಗ ಸ್ಟುಡಿಯೋದಲ್ಲೇ ಆಯಿತು ಅಂತ ನಿರ್ಮಾಪಕ ಟೋನಿ ವಿಸ್ಕಾಂಟಿ, ಅಷ್ಟೇನೂ ಇಲ್ಲ ಅಂತ ಬ್ಯಾಂಡಿನವರು. ನನಗೆ ಮಾತ್ರ ಅದು ಈಗಲೂ ಇಷ್ಟ. ತೇಪೆ ಹಾಕಿದ ಮಾತ್ರಕ್ಕೆ ಹಾಡು ಕೆಡುವುದಿಲ್ಲ, ಹಾಡು ಕೆಟ್ಟಿದ್ದರೆ ತೇಪೆಯಿಂದ ಉಳಿಯುವುದೂ ಇಲ್ಲ. ಅನುಮಾನ ಬಂದರೆ ಉದ್ದ ಸಾಲುಗಳ ಕೊನೆಯಲ್ಲಿ ಹಾಡುಗಾರ ಉಸಿರು ಎಲ್ಲಿ ತಗೊಳ್ಳುತ್ತಾನೆ ಅಂತ ಗಮನಿಸಿ. ವೇದಿಕೆ ಮೇಲೆ ಓಡಾಡಿಕೊಂಡು ಹಾಡುವವನಿಗೆ ಅಲ್ಲಲ್ಲಿ ಉಸಿರು ಸಾಲದೆ ಹೋಗಬೇಕು. ಒಂದೇ ಒಂದು ಸಾಲೂ ಜಾರದಿದ್ದರೆ ಅಲ್ಲಿ ಏನೋ ನಡೆದಿದೆ.

ಪ್ರಶ್ನೆ: ಎಸಿಡಿಸಿ ರಾಕ್ ಬ್ಯಾಂಡಿನ ‘ಲೈವ್ ಅಟ್ ರಿವರ್ ಪ್ಲೇಟ್’ ಸಿಡಿ ತಗೊಳ್ಳಲಾ, ಡಿವಿಡಿ ತಗೊಳ್ಳಲಾ? — ಓದುಗರು, ದುಬೈ

ಡಿವಿಡಿ. 2009ರ ಡಿಸೆಂಬರಿನಲ್ಲಿ ಬ್ಯೂನಸ್ ಐರಿಸ್‌ನ ಸ್ಟೇಡಿಯಂನಲ್ಲಿ ಹಿಡಿದದ್ದು. ಅಲ್ಲಿ ಅರ್ಧ ಹಾಡುವುದು ಬ್ರಯನ್ ಜಾನ್ಸನ್, ಇನ್ನರ್ಧ ಜನ. ಗಿಟಾರ್ ನುಡಿಗಟ್ಟನ್ನು ಇಡೀ ಸ್ಟೇಡಿಯಂ ಬಾಯಲ್ಲಿ ಹಾಡುತ್ತಾ ಒಟ್ಟಿಗೆ ಕುಣಿಯುತ್ತದೆ, ಅದನ್ನು ನೋಡದಿದ್ದರೆ ಅರ್ಧ ಮಜಾ ಹೋಯಿತು. ಇನ್ನೊಂದು ಕಾರಣವೂ ಇದೆ. ಹಿಂದುಗಡೆ ಆಂಪ್ಲಿಫೈಯರ್ ಪಕ್ಕ ನಿಂತು ಅಲುಗಾಡದೆ ರಿದಮ್ ಗಿಟಾರ್ ಬಾರಿಸುವ ಮಾಲ್ಕಮ್ ಯಂಗ್ ಅವರನ್ನು ನೋಡಬೇಕು. 2014ರಲ್ಲಿ ಕಾಯಿಲೆಯಿಂದ ಬ್ಯಾಂಡ್ ಬಿಟ್ಟರು, 2017ರಲ್ಲಿ ತೀರಿಕೊಂಡರು. ಕ್ಯಾಮೆರಾ ಮಾಲ್ಕಮ್ ಅವರ ತಮ್ಮ ಆಂಗಸ್ ಹಿಂದೆಯೇ ಓಡುತ್ತಿರುತ್ತದೆ, ನೀವು ಮಾತ್ರ ಎಡೆ ಸಿಕ್ಕಾಗಲೆಲ್ಲ ಅಣ್ಣನ ಬಲಗೈ ನೋಡಿ.