ಹಾಲು ಕುಡಿದ ದಿನ ಹೊಟ್ಟೆನೋವು: ಎಂಜೈಮ್ ಕೊಡಬಹುದಾ?

ಪ್ರಶ್ನೆ: ಡಾಕ್ಟ್ರೇ, ಮಗನಿಗೆ 7 ವರ್ಷ. ಶಾಲೆಯಲ್ಲಿ ಹಾಲು ಕೊಡುವ ದಿನ ಹೊಟ್ಟೆ ಹಿಡಿದುಕೊಂಡೇ ಮನೆಗೆ ಬರುತ್ತಾನೆ. ಹೊಟ್ಟೆ ಉಬ್ಬರ, ಕೆಲವೊಮ್ಮೆ ನೀರಾಗಿ ಭೇದಿ. ಮೊಸರು, ಮಜ್ಜಿಗೆಯಿಂದ ಏನೂ ಆಗುವುದಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಾಲು, ಗೋಧಿ, ತೆಂಗಿನಕಾಯಿ, ಬದನೆ ಅಂತ ಮೂವತ್ತಕ್ಕೂ ಜಾಸ್ತಿ ಪದಾರ್ಥ 'ಆಗುವುದಿಲ್ಲ' ಎಂದು ರಿಪೋರ್ಟ್ ಬಂತು. ನಾದಿನಿ ದುಬೈಯಿಂದ ಮಕ್ಕಳ ಎಂಜೈಮ್ ಡಬ್ಬಿ ಕಳಿಸಿದ್ದಾಳೆ, ಹನ್ನೆರಡು ಬಗೆಯ ಎಂಜೈಮ್ ಇದೆಯಂತೆ. ಕೊಡಲಾ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಡಬ್ಬಿ ಸದ್ಯಕ್ಕೆ ಕಪಾಟಿನಲ್ಲಿರಲಿ.

ಮೊದಲು ಆ ರಿಪೋರ್ಟ್. ಅದರಲ್ಲಿ 'ಐಜಿಜಿ' (IgG, ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ) ಅಂತ ಬರೆದಿದೆಯಾ ನೋಡಿ. ಇದ್ದರೆ ಅದನ್ನು ನಂಬಿ ಏನನ್ನೂ ಬಿಡಿಸಬೇಡಿ. ದಿನಾ ತಿನ್ನುವ ಪದಾರ್ಥಕ್ಕೆ ರಕ್ತದಲ್ಲಿ ಐಜಿಜಿ ಇರುವುದು ಸಹಜ. ಮಗು ಅದನ್ನು ತಿಂದಿದೆ ಅನ್ನುವುದಕ್ಕಷ್ಟೇ ಅದು ಸಾಕ್ಷಿ. ಕಾಸರಗೋಡಿನ ಮಗುವಿನ ರಕ್ತದಲ್ಲಿ ತೆಂಗಿನಕಾಯಿ ಕಾಣದೆ ಇನ್ನೇನು ಕಾಣಬೇಕು!

ರಿಪೋರ್ಟಿಗಿಂತ ನಿಮ್ಮ ಕಣ್ಣೇ ಚುರುಕು. ಹಾಲು ಆಗುವುದಿಲ್ಲ, ಮೊಸರು ಆಗುತ್ತದೆ ಅಂತ ನೀವೇ ಬರೆದಿದ್ದೀರಿ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಇದೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಎಂಜೈಮ್ ಸಣ್ಣ ಕರುಳಿನ ಒಳಪದರದಲ್ಲಿ ತಯಾರಾಗುತ್ತದೆ. ನಮ್ಮ ಕಡೆಯ ಎಷ್ಟೋ ಮಂದಿಗೆ ಇದು ಬಾಲ್ಯ ಕಳೆಯುತ್ತಾ ಕಡಿಮೆಯಾಗುತ್ತದೆ. ಜೋರಾಗಿ ವಾಂತಿ-ಭೇದಿ ಆದ ಮೇಲೂ ಕೆಲವು ವಾರ ಕಡಿಮೆ ಇರಬಹುದು. ಆಗ ಒಡೆಯದ ಸಕ್ಕರೆ ದೊಡ್ಡ ಕರುಳಿಗೆ ಇಳಿದು, ಅಲ್ಲಿ ಹುಳಿದು ಗ್ಯಾಸ್ ಎಬ್ಬಿಸುತ್ತದೆ, ನೀರನ್ನೂ ಎಳೆದುಕೊಳ್ಳುತ್ತದೆ. ಹೆಪ್ಪು ಹಾಕಿದಾಗ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ತಾವೇ ತಿಂದು ಮುಗಿಸುತ್ತವೆ. ಅದಕ್ಕೇ ಮೊಸರು ಒಗ್ಗುತ್ತದೆ.

ಹಾಲಿನ ಅಲರ್ಜಿ ಬೇರೆಯೇ. ಅದು ಹಾಲಿನ ಪ್ರೋಟೀನಿಗೆ ದೇಹ ತಿರುಗಿಬೀಳುವುದು. ತುಟಿ ಬಾತುಕೊಳ್ಳುತ್ತದೆ, ಮೈಯೆಲ್ಲ ದದ್ದು ಏಳುತ್ತದೆ, ಉಬ್ಬಸ ಬರಬಹುದು. ಅದನ್ನು ಯಾವ ಎಂಜೈಮ್ ಕೂಡ ತಡೆಯುವುದಿಲ್ಲ. ಎಂಜೈಮ್ ಕೊಟ್ಟಿದ್ದೇನೆ ಅನ್ನುವ ಧೈರ್ಯದಲ್ಲಿ ಅಂಥ ಮಗುವಿಗೆ ಹಾಲು ಕೊಟ್ಟರೆ ಜೀವಕ್ಕೇ ಅಪಾಯ.

ಇನ್ನು ನಿಮ್ಮ ಡಬ್ಬಿ. ಲ್ಯಾಕ್ಟೋಸ್ ಒಡೆಯಲು ಬೇಕಾದದ್ದು ಲ್ಯಾಕ್ಟೇಸ್ ಒಂದೇ. ಪ್ರೋಟೀನ್, ಪಿಷ್ಟ, ಕೊಬ್ಬು ಒಡೆಯುವ ಉಳಿದವನ್ನು ಆರೋಗ್ಯವಾಗಿರುವ ಮಗುವಿನ ಮೇದೋಜೀರಕ ಗ್ರಂಥಿ ತಾನೇ ಬೇಕಾದಷ್ಟು ಮಾಡಿಕೊಳ್ಳುತ್ತದೆ. ಆ ಗ್ರಂಥಿಯೇ ಕೆಲಸ ಮಾಡದ ಮಕ್ಕಳಿದ್ದಾರೆ, ಸಿಸ್ಟಿಕ್ ಫೈಬ್ರೋಸಿಸ್ ಎಂಬ ಹುಟ್ಟಿನಿಂದಲೇ ಬರುವ ಕಾಯಿಲೆ ಇರುವವರು. ಅವರಿಗೆ ಪ್ಯಾಂಕ್ರಿಯಾಟಿನ್, ಅಂದರೆ ಆ ಗ್ರಂಥಿಯ ಎಂಜೈಮ್‌ಗಳ ಔಷಧ, ಬೇಕೇ ಬೇಕು. ಅದನ್ನೂ ತೂಕ ನೋಡಿ ಲೆಕ್ಕಹಾಕಿ ಕೊಡುತ್ತಾರೆ; ಅತಿಯಾದರೆ ದೊಡ್ಡ ಕರುಳಿಗೇ ಹಾನಿ. ಲೇಬಲ್ಲಿನ ಸಣ್ಣ ಅಕ್ಷರವನ್ನೂ ಓದಿ. ಪ್ಯಾಂಕ್ರಿಯಾಟಿನ್, ಜಠರದ ಎಂಜೈಮ್ ಪೆಪ್ಸಿನ್ ಸಾಮಾನ್ಯವಾಗಿ ಹಂದಿಯಿಂದ ತೆಗೆದದ್ದು. ಇದು ಬೇಡ ಅನ್ನುವ ಮನೆಗಳು ನಮ್ಮಲ್ಲಿ ಬಹಳ, ಅಲ್ವಾ?

ಈಗ ಮಾಡಬೇಕಾದದ್ದು. ಎರಡು ವಾರ ಹಾಲು ನಿಲ್ಲಿಸಿ. ಚಹಾದ ಹಾಲು, ಪಾಯಸ, ಐಸ್‌ಕ್ರೀಂ, ಪೇಡ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಮೊಸರು, ಮಜ್ಜಿಗೆ ಇರಲಿ. ಶಾಲೆಗೆ ಒಂದು ಚೀಟಿ ಬರೆದು ಕೊಡಿ. ಟೀಚರ್ ಎದುರು 'ಬೇಡ' ಅನ್ನುವ ಧೈರ್ಯ ಏಳು ವರ್ಷದವನಿಗೆ ಎಲ್ಲಿಂದ ಬರಬೇಕು? ಹೊಟ್ಟೆನೋವು ನಿಂತರೆ, ಮತ್ತೆ ಅರ್ಧ ಲೋಟ ಹಾಲನ್ನು ಊಟದ ಜೊತೆಗೇ ಕೊಟ್ಟು ನೋಡಿ. ಹಾಗೆ ಕುಡಿದರೆ ಎಷ್ಟೋ ಮಕ್ಕಳಿಗೆ ತೊಂದರೆಯೇ ಆಗುವುದಿಲ್ಲ. ಮದುವೆಮನೆಯ ಪಾಯಸ ಬೇಕೇ ಬೇಕು ಅಂತ ಹಟ ಮಾಡಿದರೆ, ಬರೀ ಲ್ಯಾಕ್ಟೇಸ್ ಇರುವ ಡ್ರಾಪ್ಸ್ ಅಥವಾ ಮಾತ್ರೆಯನ್ನು ನಿಮ್ಮ ಡಾಕ್ಟರರನ್ನು ಕೇಳಿ ಆ ಹೊತ್ತಿಗೆ ಕೊಡಬಹುದು. ನೋವು ಶುರುವಾದ ಮೇಲೆ ಕೊಟ್ಟರೆ ಸುಮ್ನೆ ದಂಡ. ಕ್ಯಾಲ್ಸಿಯಂಗೆ ರಾಗಿ ಮಣ್ಣಿ, ಎಳ್ಳು ಇದೆಯಲ್ಲ.

ಗೋಧಿಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ಗೋಧಿಯ ಪ್ರೋಟೀನಿನಿಂದ ಕರುಳಿಗೆ ಪೆಟ್ಟು ಬೀಳುವ ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಗೋಧಿ ತಿನ್ನುತ್ತಿರುವಾಗಲೇ ಆಗಬೇಕು. ತೂಕ ಇಳಿಯುವುದು, ಮಲದಲ್ಲಿ ರಕ್ತ, ರಾತ್ರಿ ನಿದ್ದೆಯಿಂದ ಎಬ್ಬಿಸುವ ನೋವು ಇದ್ದರೆ ಎರಡು ವಾರ ಕಾಯದೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಪಪ್ಪಾಯಿಯಲ್ಲೂ ಎಂಜೈಮ್ ಇದೆಯಂತಲ್ಲ? ಊಟ ಆದ ಮೇಲೆ ಮಗಳಿಗೆ ಅದನ್ನೇ ಕೊಟ್ಟರೆ ಹೊಟ್ಟೆನೋವಿಗೆ ಸಾಕಲ್ವಾ?
– ಓದುಗರೊಬ್ಬರು, ಉಪ್ಪಳ

ಉತ್ತರ: ಪಪ್ಪಾಯಿಯ ಎಂಜೈಮ್ ಪಪೈನ್ ಜಾಸ್ತಿ ಇರುವುದು ಅದರ ಕಾಯಿಯ ಸೊನೆಯಲ್ಲಿ, ಹಣ್ಣಾದಾಗ ಕಡಿಮೆ. ಅದೂ ಪ್ರೋಟೀನ್ ಒಡೆಯುವ ಎಂಜೈಮ್, ಹಾಲಿನ ಸಕ್ಕರೆಯನ್ನು ಮುಟ್ಟುವುದೂ ಇಲ್ಲ. ಆದರೂ ಹಣ್ಣು ಧಾರಾಳ ಕೊಡಿ, ನಾರಿನಂಶ ಸಿಗುತ್ತದೆ. ಹೊಟ್ಟೆನೋವು ಅಂತ ಬರುವ ಎಷ್ಟೋ ಮಕ್ಕಳಿಗೆ ನಿಜವಾಗಿ ಇರುವುದು ಮಲಬದ್ಧತೆ. ಸ್ಕೂಲ್ ಬಸ್ಸಿನ ಗಡಿಬಿಡಿಯಲ್ಲಿ ಕಕ್ಕಸಿಗೆ ಕೂರಲು ಪುರುಸೊತ್ತೇ ಇಲ್ಲ. ಕಾಲು ಗಂಟೆ ಬೇಗ ಎಬ್ಬಿಸಿ, ತಿಂಡಿ ಆದ ಮೇಲೆ ಕೂರಿಸಿ ನೋಡಿ.