ಚೂಪು ಮೂಲೆಯ ಅಕ್ಷರ ಕನ್ನಡಕ್ಕೆ ಒಗ್ಗುತ್ತಾ?

ಪ್ರಶ್ನೆ: ಸರ್, ಹೊಳಲ್ಕೆರೆ ರಸ್ತೆಯಲ್ಲಿ ಬೈಕ್ ಗ್ಯಾರೇಜ್ ತೆರೆಯುತ್ತಿದ್ದೇನೆ. ಬೋರ್ಡಿನ ಇಂಗ್ಲಿಷ್ ಹೆಸರಿಗೆ ಸ್ಕೇಲ್ ಇಟ್ಟು ಎಳೆದಂಥ, ಚೂಪು ಮೂಲೆಗಳ ಫಾಂಟ್ ಆರಿಸಿದ್ದೇನೆ. ಕನ್ನಡವನ್ನೂ ಹಾಗೇ ಮಾಡಿಸಬಹುದಾ? ನಮ್ಮದು ಗುಂಡು ಅಕ್ಷರ, ಅಂದಗೆಡುತ್ತೆ ಅಂತ ಎಲ್ಲರೂ ಹೇಳುತ್ತಿದ್ದಾರೆ.
– ಓದುಗ, ಚಿತ್ರದುರ್ಗ

ಉತ್ತರ: ಧೈರ್ಯವಾಗಿ ಮಾಡಿಸಿ. ಆದರೆ ಮೊದಲು ಕನ್ನಡ ಬರೆಸಿ, ಇಂಗ್ಲಿಷನ್ನು ಅದಕ್ಕೆ ಹೊಂದಿಸಿ. ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು ಕಾನೂನೇ ಇದೆಯಲ್ಲ.

ಗುಂಡು ಅಕ್ಷರ ಅನ್ನುವವರನ್ನು ಒಂದು ಭಾನುವಾರ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಕರೆದುಕೊಂಡು ಹೋಗಿ. ಅಲ್ಲಿ ಅಶೋಕನ ಶಾಸನವಿದೆ. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ‘ಕ’ ಅಂದರೆ ಕೂಡಿಸುವ ಚಿಹ್ನೆ. ‘ಗ’ ಮನೆಯ ಮಾಡಿನ ಹಾಗೆ ಎರಡು ಗೆರೆ. ‘ಠ’ ಬರೀ ಒಂದು ವೃತ್ತ. ಗೆರೆಯ ತುದಿಗೆ ಬಾಲವಿಲ್ಲ, ಕುಚ್ಚಿಲ್ಲ. ನಮ್ಮ ಲಿಪಿ ಬೆಳೆದು ಬಂದದ್ದು ಅದರಿಂದಲೇ. ಜರ್ಮನಿಯ ಪಾಲ್ ರೆನ್ನರ್ ಅವರ ಫ್ಯೂಚುರಾ ಫಾಂಟ್ 1927ರಲ್ಲಿ ಬಂತು. ವೃತ್ತ, ತ್ರಿಕೋನ, ನೇರ ಗೆರೆಯೇ ಅದಕ್ಕೂ ಆಧಾರ. 1969ರಲ್ಲಿ ಚಂದ್ರನ ಮೇಲೆ ಬಿಟ್ಟು ಬಂದ ಫಲಕದಲ್ಲಿರುವುದೂ ಅದೇ ಅಕ್ಷರ. ಅದರ ಇಂಗ್ಲಿಷ್ ದೊಡ್ಡ ‘A’ ತುದಿಯನ್ನು ಗಮನಿಸಿ. ಪಕ್ಕದ ಅಕ್ಷರಗಳಿಗಿಂತ ಕೊಂಚ ಮೇಲಕ್ಕೆ ಚಾಚಿರುತ್ತದೆ. ಚೂಪು ತುದಿಯನ್ನು ಸರಿಸಮ ನಿಲ್ಲಿಸಿದರೆ ಕಣ್ಣಿಗೆ ಕುಳ್ಳಗೆ ಕಾಣುತ್ತದೆ. ಸ್ಕೇಲ್ ಒಂದನ್ನೇ ನಂಬಿದರೆ ಇದು ತಿಳಿಯುವುದಿಲ್ಲ.

ಈಗ ನಿಮ್ಮ ‘ಗ್ಯಾರೇಜ್’. ‘ಗ’ ಸುಲಭ, ಕಮಾನನ್ನು ಎರಡು ಮೂಲೆಯಾಗಿ ಮುರಿದರೆ ಆಯಿತು. ‘ರ’ ಎಂಟು ಮೂಲೆಯಲ್ಲಿ ಚೆನ್ನಾಗಿ ಕೂರುತ್ತದೆ, ತಲೆಕಟ್ಟು ಮಾತ್ರ ಸ್ಪಷ್ಟವಾಗಿರಲಿ. ಕಷ್ಟ ಇರುವುದು ‘ಜ’ದ ಒಳಸುತ್ತಿನಲ್ಲಿ ಮತ್ತು ಯ-ಒತ್ತಿನಲ್ಲಿ. ಅಲ್ಲಿ ಮೂಲೆ ಜಾಸ್ತಿಯಾದರೆ ಒಳಗಿನ ಖಾಲಿ ಜಾಗ ಮುಚ್ಚಿ, ದೂರಕ್ಕೆ ಕಪ್ಪು ಮುದ್ದೆಯಾಗುತ್ತದೆ. ಎರಡೇ ಮೂಲೆ ಸಾಕು. ಸಿದ್ಧ ಕನ್ನಡ ಫಾಂಟಿನ ಸುತ್ತುಗಳನ್ನು ಕಂಪ್ಯೂಟರಿನಲ್ಲಿ ಸುಮ್ನೆ ಕತ್ತರಿಸಿ ಕೊಡುವವರಿದ್ದಾರೆ, ಒಪ್ಪಬೇಡಿ. ದ, ಧ, ಥ ಮೂರೂ ಒಂದೇ ಆಗಿಬಿಡುತ್ತವೆ.

ಫೋನ್ ನಂಬರು, ವಿಳಾಸ ಮಾತ್ರ ಸಾದಾ ಅಕ್ಷರದಲ್ಲೇ ಇರಲಿ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಒಂದು ಜಿಮ್ಮಿನ ಬೋರ್ಡಿಗೆ ನಾನು ನಂಬರನ್ನೂ ಎಂಟು ಮೂಲೆಯಲ್ಲೇ ಬರೆದಿದ್ದೆ. ರಸ್ತೆಯಾಚೆ ನಿಂತು ನೋಡಿದರೆ 8, 6, 0 ಎಲ್ಲ ಒಂದೇ! ಬಹಳ ಬೇಜಾರಾಯಿತು. ಮರುದಿನ ಬೆಳಿಗ್ಗೆಯೇ ಏಣಿ ಹಾಕಿ ಅಳಿಸಿ, ಗುಂಡಗೆ ಬರೆದುಕೊಟ್ಟೆ.

ಕಟಿಂಗಿಗೆ ಕೊಡುವ ಮುಂಚೆ ಹೆಸರನ್ನು ಬೋರ್ಡಿನ ಅಳತೆಯಲ್ಲೇ ಕಾಗದದ ಮೇಲೆ ಬರೆಸಿ, ಶಟರಿಗೆ ಅಂಟಿಸಿ. ರಸ್ತೆಯಾಚೆ ನಿಂತ ಯಾರಿಗಾದರೂ ಓದಲು ಹೇಳಿ. ತಡವರಿಸಿದರೆ, ಯಾವ ಅಕ್ಷರಕ್ಕೆ ತಡವರಿಸಿದರೆಂದು ಕೇಳಿ. ಅದೊಂದನ್ನು ಮತ್ತೆ ಬರೆಸಿ.