ಹೊಸ ಘಟಕ ಹಾಕಲು ಮಾಡಿಸಿದ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಮೊದಲ ವರ್ಷದಿಂದಲೇ ಲಾಭ ಕಾಣುತ್ತಿದೆ. ಅದನ್ನು ನಂಬಿ ಹಣ ಹಾಕಬಹುದೇ?

ಅಷ್ಟನ್ನೇ ನಂಬಿ ಹಾಕಬೇಡಿ. ಕೊನೆಯ ಪುಟದಲ್ಲಿ ಲಾಭ ಬರೆದುಕೊಂಡು, ಅದಕ್ಕೆ ತಕ್ಕಂತೆ ಹಿಂದಿನ ಪುಟಗಳನ್ನು ಹೊಂದಿಸಿದ ರಿಪೋರ್ಟುಗಳಿಗೇನೂ ಬರವಿಲ್ಲ. ಆ ಲಾಭ ಎಷ್ಟು ಸಣ್ಣ ಹೊಡೆತಕ್ಕೆ ಬಿದ್ದುಹೋಗುತ್ತದೆ ಎಂದು ಮೊದಲು ನೋಡಿ.

ಒಂದು ಲೆಕ್ಕ ಹಾಕೋಣ. ವಸ್ತುವಿನ ಮಾರಾಟ ಬೆಲೆ 500. ಕಚ್ಚಾವಸ್ತು, ಪ್ಯಾಕಿಂಗ್, ಸಾಗಣೆ, ಕಮಿಷನ್ ಸೇರಿ ಒಂದಕ್ಕೆ ಖರ್ಚು 350. ಉಳಿಯುವುದು 150. ಮಾರಿದರೂ ಮಾರದಿದ್ದರೂ ತಿಂಗಳಿಗೆ ತೆರಬೇಕಾದ ಬಾಡಿಗೆ, ಸಂಬಳ, ಬಡ್ಡಿ ಇತ್ಯಾದಿ 3,00,000. (ಸಂಬಳದಲ್ಲಿ ನಿಮ್ಮದೂ ಸೇರಿರಲಿ, ಬಹಳ ಜನ ಇದನ್ನೇ ಬಿಡುತ್ತಾರೆ.) ಭಾಗಿಸಿದರೆ, ತಿಂಗಳಿಗೆ 2,000 ಮಾರಿದಾಗ ಅಸಲು ಹುಟ್ಟುತ್ತದೆ. ಯಂತ್ರದ ಸಾಮರ್ಥ್ಯ 3,200 ಇದ್ದರೆ ನಿರಾಳ ಅನ್ನಿಸುತ್ತದೆ, ಅಲ್ಲವೇ? ಈಗ ಪೈಪೋಟಿಗೆ ಬಿದ್ದು 450ಕ್ಕೆ ಕೊಡಬೇಕಾಯಿತು ಅನ್ನಿ. ಉಳಿಯುವುದು 100, ಅಸಲಿಗೇ 3,000 ಮಾರಬೇಕು. ಬೆಲೆ ಶೇ. 10 ಇಳಿದದ್ದಕ್ಕೆ ಮಾರಾಟ ಒಂದೂವರೆ ಪಟ್ಟಾಗಬೇಕು, ಯಂತ್ರ ಶೇ. 94ರಷ್ಟು ಓಡಬೇಕು. ಕೆಟ್ಟು ನಿಲ್ಲುವ ದಿನಗಳು, ಪಳಗದ ಕೆಲಸಗಾರರು, ವಾಪಸ್ ಬರುವ ಮಾಲು ಎಲ್ಲ ಸೇರಿದರೆ ಹೊಸ ಘಟಕಕ್ಕೆ ಅದು ಆಗದ ಮಾತು.

ಇನ್ನು ದುಡಿಯುವ ಬಂಡವಾಳ, ಅಂದರೆ ದಿನನಿತ್ಯದ ವ್ಯವಹಾರ ನಡೆಸಲು ಬೇಕಾದ ಹಣ. ಯಂತ್ರದ ಬೆಲೆಗೆ ಹತ್ತು ಕಡೆ ಕೊಟೇಶನ್ ತರಿಸುವವರೂ ಇದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಮಾಲು 30 ದಿನ ದಾಸ್ತಾನಿನಲ್ಲಿರುತ್ತದೆ, ಗಿರಾಕಿ 60 ದಿನಕ್ಕೆ ಹಣ ಕೊಡುತ್ತಾನೆ, ಕಚ್ಚಾವಸ್ತು ಕೊಟ್ಟವನು 15 ದಿನ ಮಾತ್ರ ಕಾಯುತ್ತಾನೆ. 30+60−15, ಅಂದರೆ 75 ದಿನ ನಿಮ್ಮ ಹಣ ಹೊರಗಿರುತ್ತದೆ. ಮೊದಲು ಹೇಳಿದ 2,000ದ ಮಾರಾಟಕ್ಕೆ ತಿಂಗಳ ಖರ್ಚು 10,00,000. ಹಾಗಾಗಿ ಸುಮಾರು 25,00,000 ಇದರಲ್ಲೇ ಸಿಕ್ಕಿಕೊಂಡಿರುತ್ತದೆ. ಮಾರಾಟ ಏರಿದಷ್ಟೂ ಈ ಮೊತ್ತವೂ ಏರುತ್ತದೆ. ಪುಸ್ತಕದಲ್ಲಿ ಲಾಭ, ಸಂಬಳದ ದಿನ ಗಲ್ಲಾಪೆಟ್ಟಿಗೆ ಖಾಲಿ ಎನ್ನುವ ಸ್ಥಿತಿ ಬರುವುದು ಹೀಗೆ. ಆದ್ದರಿಂದ 24 ತಿಂಗಳ ನಗದು ಪಟ್ಟಿ (ಪ್ರತಿ ತಿಂಗಳು ಬರುವ, ಹೋಗುವ ಹಣದ ಲೆಕ್ಕ) ಮಾಡಿ. ಬಿಲ್ ಹಾಕಿದ ತಿಂಗಳಲ್ಲಿ ಬರೆಯಬೇಡಿ, ಹಣ ಕೈಗೆ ಬರುವ ತಿಂಗಳಲ್ಲಿ ಬರೆಯಿರಿ. ತಿಂಗಳಿಂದ ತಿಂಗಳಿಗೆ ಕೂಡಿಸುತ್ತ ಬಂದ ಮೊತ್ತ ಅತಿ ಹೆಚ್ಚು ಮೈನಸ್‌ಗೆ ಇಳಿಯುವ ತಿಂಗಳು ಯಾವುದೋ, ಅಲ್ಲಿರುವ ಅಂಕಿಯೇ ನಿಮಗೆ ನಿಜವಾಗಿ ಬೇಕಾದ ಬಂಡವಾಳ.

"ಒಟ್ಟು ಮಾರುಕಟ್ಟೆಯಲ್ಲಿ ಶೇ. 1 ಸಿಕ್ಕರೂ ಸಾಕು" ಎಂಬ ಸಾಲು ರಿಪೋರ್ಟಿನಲ್ಲಿದ್ದರೆ ಹೊಡೆದುಹಾಕಿ. ಬದಲಿಗೆ ಕೊಳ್ಳಬಹುದಾದ 20 ಜನರ ಹೆಸರು ಬರೆದು, ಹೋಗಿ ಕೇಳಿ: ಈಗ ಯಾರ ಹತ್ತಿರ, ಯಾವ ದರಕ್ಕೆ, ಎಷ್ಟು ದಿನದ ಉದ್ದರಿಗೆ ಕೊಳ್ಳುತ್ತೀರಿ? "ಚೆನ್ನಾಗಿದೆ, ಶುರು ಮಾಡಿ" ಎಂದವರನ್ನು ಲೆಕ್ಕಕ್ಕೆ ಹಿಡಿಯಬೇಡಿ. ಸ್ವಲ್ಪವಾದರೂ ಅಡ್ವಾನ್ಸ್ ಕೊಟ್ಟವರನ್ನು ಎಣಿಸಿ.

ಪರವಾನಗಿ, ನೀರು, ವಿದ್ಯುತ್ ಸಂಪರ್ಕವನ್ನು ಜಾಗಕ್ಕೆ ಮುಂಗಡ ಕೊಡುವ ಮೊದಲೇ ವಿಚಾರಿಸಿ. ಇವುಗಳಲ್ಲಿ ಒಂದಕ್ಕೆ 'ಆಗುವುದಿಲ್ಲ' ಎಂದರೂ ಉಳಿದ ಲೆಕ್ಕವೆಲ್ಲ ದಂಡ.

ಕೊನೆಗೆ ಇದೇ ನಗದು ಪಟ್ಟಿಯಲ್ಲಿ ಮಾರಾಟವನ್ನು ಶೇ. 25 ಇಳಿಸಿ, ಉತ್ಪಾದನೆಯ ಆರಂಭವನ್ನು 6 ತಿಂಗಳು ಮುಂದಕ್ಕೆ ಹಾಕಿ ನೋಡಿ. ಮೊದಲು ಬೇರೆಬೇರೆಯಾಗಿ, ಆಮೇಲೆ ಎರಡೂ ಒಟ್ಟಿಗೆ. ಬೇರೆಬೇರೆಯಾಗಿ ಬಂದ ಹೊಡೆತವನ್ನೇ ಯೋಜನೆ ತಡೆಯದಿದ್ದರೆ ನಾನಾದರೆ ಕೈಬಿಡುತ್ತೇನೆ. ಒಟ್ಟಿಗೆ ಬಂದಾಗ ಮಾತ್ರ ಕುಸಿಯುತ್ತದೆ ಎಂದಾದರೆ, ಆ ಕೊರತೆ ತುಂಬುವಷ್ಟು ಹಣ ಪಕ್ಕಕ್ಕಿಟ್ಟೇ ಇಳಿಯಿರಿ. ರಿಪೋರ್ಟಿಗೆ ಕೊಟ್ಟ ಶುಲ್ಕ, ಈವರೆಗಿನ ಓಡಾಟದ ಖರ್ಚನ್ನು ಈ ತೀರ್ಮಾನದಲ್ಲಿ ಸೇರಿಸಬೇಡಿ. ಮುಂದುವರಿದರೂ ಬಿಟ್ಟರೂ ಅದು ಹೋದದ್ದೇ.